ಸಮೀಕರಣದಲ್ಲಿ ಕಾಣದ ಬಿಸಿ

ದೀಪಾವಳಿ ರಜೆಗೆ ಚಿಂತಾಮಣಿಯ ಮನೆಗೆ ಹೋಗಿದ್ದೆ. ಬಚ್ಚಲು ತೊಳೆಯುತ್ತಿದ್ದ ದೊಡ್ಡಮ್ಮನ ಕಾಲ ಮೇಲೆ ಆಸಿಡ್ ಚೆಲ್ಲಿತು. ಹತ್ತನೇ ಕ್ಲಾಸಿನ ತಮ್ಮ ಅಜ್ಜಿಯ ಎಲೆಅಡಿಕೆ ಚೀಲದಿಂದ ಸುಣ್ಣದ ಡಬ್ಬಿ ಹಿಡಿದು ಓಡಿಬಂದ. ‘ಆಮ್ಲಕ್ಕೆ ಪ್ರತ್ಯಾಮ್ಲ ಹಾಕಿದ್ರೆ ತಟಸ್ಥ ಆಗುತ್ತಲ್ವಾ ಅಕ್ಕಾ?’

ಡಬ್ಬಿ ಕಿತ್ತಿಟ್ಟು, ದೊಡ್ಡಮ್ಮನ ಕಾಲನ್ನು ನಲ್ಲಿ ಕೆಳಗೆ ಹಿಡಿದೆ. ಇಪ್ಪತ್ತು ನಿಮಿಷ ನೀರು ಬಿಟ್ಟು, ಆಮೇಲೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು.

ತಮ್ಮನದು ದಡ್ಡತನವಲ್ಲ. ಜೇನು ಕಚ್ಚಿದರೆ ಅಡುಗೆ ಸೋಡಾ, ಹೊಟ್ಟೆ ಉರಿಗೆ ಮ್ಯಾಗ್ನೀಷಿಯಂ ಹೈಡ್ರಾಕ್ಸೈಡ್ ಎಂದು ಪಾಠದಲ್ಲಿ ಓದಿದ್ದ. ಅವು ಸೌಮ್ಯ ಪ್ರತ್ಯಾಮ್ಲಗಳು. ಬಚ್ಚಲ ಆಸಿಡ್‌ನಲ್ಲಿರುವ ಹೈಡ್ರೋಕ್ಲೋರಿಕ್ ಆಮ್ಲ ಪ್ರಬಲವಾದದ್ದು, ಸುಣ್ಣವೂ ಚರ್ಮ ಸುಡುವಂಥದ್ದೇ. ಎರಡೂ ಸೇರಿದರೆ ಲವಣ, ನೀರಿನ ಜೊತೆ ಶಾಖವೂ ಹುಟ್ಟುತ್ತದೆ. ಆಸಿಡ್ ಸುಟ್ಟ ಜಾಗವನ್ನೇ ಆ ಶಾಖ ಮತ್ತೆ ಸುಡುತ್ತದೆ.

ಪ್ರಬಲ ಆಮ್ಲ, ಪ್ರಬಲ ಪ್ರತ್ಯಾಮ್ಲ ಸೇರಿ ಒಂದು ಮೋಲ್ ನೀರು ಉಂಟಾದಾಗ ಸುಮಾರು 57 ಕಿಲೋಜೂಲ್ ಶಾಖ ಹೊರಬೀಳುತ್ತದೆ. ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಕಾಸ್ಟಿಕ್ ಸೋಡಾದ 1 ಮೋಲಾರ್ ದ್ರಾವಣಗಳನ್ನು ಸಮವಾಗಿ ಬೆರೆಸಿದರೆ ಉಷ್ಣತೆ ಸುಮಾರು 7 ಡಿಗ್ರಿ ಏರುತ್ತದೆ. ಗಾಢ ದ್ರಾವಣಗಳಾದರೆ ಕುದಿದು ಮುಖಕ್ಕೆ ಸಿಡಿಯಬಹುದು. ಕಟ್ಟಿಕೊಂಡ ಪೈಪಿಗೆ ಕಾಸ್ಟಿಕ್ ಸೋಡಾ ಸುರಿದು, ಅದರ ಮೇಲೆಯೇ ಆಸಿಡ್ ಹಾಕುವವರಿಗೂ ಇದು ಗೊತ್ತಿರಬೇಕು.

ನಾನು ಎಸ್ಸೆಸ್ಸೆಲ್ಸಿಯಲ್ಲಿ ಈ ಸಮೀಕರಣ ಬರೆದು ಪೂರ್ತಿ ಅಂಕ ತೆಗೆದಿದ್ದೆ. ಬಿಸಿಯ ವಿಷಯ ತಲೆಗೆ ಹೋಗಿದ್ದು ಬಿಇಗೆ ಸೇರಿ, ಲ್ಯಾಬಿನಲ್ಲಿ ಬೀಕರ್ ಬೆಚ್ಚಗಾದಾಗಲೇ.

ಹೈಸ್ಕೂಲಿನಲ್ಲೂ ಈ ಪ್ರಯೋಗ ಇದೆ. ಫಿನಾಲ್ಫ್ಥಲೀನ್ ಹಾಕಿದ ದುರ್ಬಲಗೊಳಿಸಿದ ಕಾಸ್ಟಿಕ್ ಸೋಡಾಕ್ಕೆ ಆಮ್ಲವನ್ನು ಹನಿಹನಿಯಾಗಿ ಬಿಟ್ಟರೆ ಗುಲಾಬಿ ಬಣ್ಣ ಮಾಯ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಮೇಷ್ಟ್ರುಗಳಲ್ಲಿ ನನ್ನದೊಂದೇ ಕೋರಿಕೆ: ಅದರ ಜೊತೆ ಒಂದು ಥರ್ಮಾಮೀಟರ್ ಇಡಿ. ಸಮಪ್ರಮಾಣದ ದ್ರಾವಣಗಳನ್ನು ನೀವೇ ಬೆರೆಸಿ ತೋರಿಸಿ, ಪಾದರಸ ಏರುವುದನ್ನು ಮಕ್ಕಳು ಓದಿ ಹೇಳಲಿ. ಆಮೇಲೆ ‘ಮೈಮೇಲೆ ಆಸಿಡ್ ಬಿದ್ದರೆ ಏನು ಮಾಡ್ತೀರಿ?’ ಎಂದು ಕೇಳಿ.

ಯಾವುದನ್ನೂ ಪ್ರಶ್ನಿಸದೆ ಒಪ್ಪಬಾರದು ಎಂದು ಜೀವನವಿಡೀ ಹೇಳಿದ ಭೌತವಿಜ್ಞಾನದ ಮೇಷ್ಟ್ರು ಎಚ್. ನರಸಿಂಹಯ್ಯ ಹುಟ್ಟಿದ್ದು ನಮ್ಮದೇ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ. ಅವರ ಜಿಲ್ಲೆಯ ಮಕ್ಕಳು ಇಷ್ಟಾದರೂ ಕಣ್ಣಾರೆ ನೋಡಿ ಕಲಿಯಬೇಡವೇ?

ದೊಡ್ಡಮ್ಮನ ಪಾದದಲ್ಲಿ ಈಗ ಸಣ್ಣದೊಂದು ಕಲೆ ಉಳಿದಿದೆ. ಮೊನ್ನೆ ತಮ್ಮನಿಗೆ ಇದನ್ನೆಲ್ಲ ಫೋನಿನಲ್ಲಿ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು ಅವನು ಕೇಳಿದ್ದು: ‘ಇದು ಪರೀಕ್ಷೆಗೆ ಬರುತ್ತಾ ಅಕ್ಕಾ?’