ವನವಾಸವಲ್ಲ, ವನಪಾಲನೆ

ಕನ್ನಡಿಗರ ಲೋಕರೂಢಿಯಲ್ಲಿ ಕಾಡೆಂಬುದು ಬಹುಕಾಲದಿಂದ ಕಷ್ಟಕ್ಕೆ ಪರ್ಯಾಯವಾದ ಮಾತಾಗಿದೆ. ರಾಜ್ಯವನ್ನು ಕಳೆದುಕೊಂಡ ಪಾಂಡವರು ಸೇರಿದುದು ಕಾಡನ್ನು. ಪಿತೃವಾಕ್ಯಕ್ಕೆ ಕಟ್ಟುಬಿದ್ದ ಶ್ರೀರಾಮನು ಹೊರಟುದು ಕಾಡಿಗೆ. ಮನೆತನವೊಂದು ಕೆಟ್ಟರೆ ಅಡವಿಪಾಲಾಯಿತೆನ್ನುವರು. ವಯಸ್ಸಾದವರು 'ಊರು ಹೋಗು ಅನ್ನುತ್ತದೆ, ಕಾಡು ಬಾ ಅನ್ನುತ್ತದೆ' ಎಂದು ನಿಟ್ಟುಸಿರುಬಿಡುವರು. ಹೀಗಿರುವಲ್ಲಿ, ಓದಿದ ಮಗನೋ ಮಗಳೋ ಅರಣ್ಯ ಇಲಾಖೆಗೆ ಸೇರುವೆನೆಂದರೆ ಹೆತ್ತವರ ಮುಖ ಬಾಡುವುದು ಅಚ್ಚರಿಯಲ್ಲ. ಆದರೆ ಇದೇ ಭಾಷೆಯಲ್ಲಿ 'ಕಾವಲು' ಎಂಬ ಇನ್ನೊಂದು ಮಾತಿದೆ. ಬಯಲುಸೀಮೆಯ ಹುಲ್ಲುಗಾವಲಿಗೂ ಅದೇ ಹೆಸರು, ಅದನ್ನು ಕಾಯುವ ಕೆಲಸಕ್ಕೂ ಅದೇ ಹೆಸರು. ನೆಲವನ್ನೂ ನೆಲದ ರಕ್ಷಣೆಯನ್ನೂ ಒಂದೇ ಪದದಲ್ಲಿ ಹಿಡಿದಿಟ್ಟ ಹಿರಿಯರು ಕಾಡನ್ನು ಕೇವಲ ಶಿಕ್ಷೆಯ ತಾಣವೆಂದು ಭಾವಿಸಿರಲಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಗಳ ಬದುಕು ಕಾಡನ್ನೇ ನೆಚ್ಚಿಕೊಂಡಿದೆ. ತುಂಗೆಯೂ ಭದ್ರೆಯೂ ಹುಟ್ಟುವುದು ಗಂಗಾಮೂಲದ ಅರಣ್ಯದಲ್ಲಿ. ಕೂಡಲಿಯಲ್ಲಿ ಒಂದಾಗಿ ತುಂಗಭದ್ರೆಯೆನಿಸಿ ಹೊನ್ನಾಳಿಯ ದಡವನ್ನು ತೊಳೆಯುತ್ತವೆ. ಚನ್ನಗಿರಿಯ ಅಡಕೆ ತೋಟಗಳ ತಂಪು, ಶಾಂತಿಸಾಗರವೆನಿಸಿದ ಸೂಳೆಕೆರೆಯ ವಿಸ್ತಾರವಾದ ಜಲರಾಶಿ, ಇವೆರಡೂ ಸುತ್ತಣ ಗುಡ್ಡಗಳ ಹಸುರಿಗೆ ಋಣಿಗಳು. ಗುಡ್ಡ ಬೋಳಾದರೆ ಮೊದಲ ಮಳೆಗೇ ಮಣ್ಣು ಕೊಚ್ಚಿ ಬಂದು ಕೆರೆಯಂಗಳವನ್ನು ತುಂಬುವುದು. ಬರಕ್ಕೆ ಹೆಸರಾದ ಜಗಳೂರಿನಲ್ಲಿಯೇ, ಸುಮಾರು 77 ಚದರ ಕಿಲೋಮೀಟರ್ ವಿಸ್ತಾರದ ರಂಗಯ್ಯನದುರ್ಗದ ಕುರುಚಲು ಕಾಡು 2011ರಲ್ಲಿ ಕೊಂಡುಕುರಿಯ ವನ್ಯಧಾಮವಾಯಿತು. ಭಾರತ ಮತ್ತು ನೇಪಾಳಗಳಲ್ಲಿ ಮಾತ್ರ ಕಂಡುಬರುವ, ನಾಲ್ಕು ಕೊಂಬಿನ ಈ ಅಪೂರ್ವ ಪ್ರಾಣಿ ಅಲ್ಲಿನ ಮುಳ್ಳುಪೊದೆಗಳ ನಡುವೆ ಬಾಳುತ್ತಿದೆಯೆಂಬ ಸಂಗತಿಯನ್ನು ಈ ಸೀಮೆಯ ಎಷ್ಟು ಮಂದಿ ವಿದ್ಯಾರ್ಥಿಗಳು ಬಲ್ಲರು? ಮನೆಯ ಹಿತ್ತಿಲಿನ ಐಶ್ವರ್ಯವನ್ನು ಅರಿಯದವರು ಅದನ್ನು ಕಾಯುವರೆಂದು ಹೇಗೆ ನಂಬುವುದು?

ಈ ಕಾರ್ಯಕ್ಕೆ ಸೇರಲು ದಾರಿಗಳು ಹಲವು. ಪದವಿಪೂರ್ವ ಶಿಕ್ಷಣ ಮುಗಿಸಿದವರು ಗಸ್ತು ಅರಣ್ಯ ಪಾಲಕರ ಹುದ್ದೆಗೆ ಅರ್ಹರು. ಅರಣ್ಯಶಾಸ್ತ್ರವನ್ನು ಪದವಿಯಾಗಿ ಓದಬಯಸುವವರಿಗೆ ಶಿರಸಿಯಲ್ಲಿಯೂ ಪೊನ್ನಂಪೇಟೆಯಲ್ಲಿಯೂ ಕಾಲೇಜುಗಳಿವೆ. ಅಖಿಲ ಭಾರತ ಮಟ್ಟದಲ್ಲಿ 1966ರಲ್ಲಿ ರೂಪುಗೊಂಡ ಭಾರತೀಯ ಅರಣ್ಯ ಸೇವೆಯಿದೆ. ಅದಕ್ಕೆ ಆಯ್ಕೆಯಾಗಲು ಬರೆವಣಿಗೆಯ ಪರೀಕ್ಷೆ ಮಾತ್ರ ಸಾಲದು, ನಾಲ್ಕು ಗಂಟೆಗಳೊಳಗೆ ಪುರುಷರು 25 ಕಿಲೋಮೀಟರ್, ಮಹಿಳೆಯರು 14 ಕಿಲೋಮೀಟರ್ ನಡೆದು ತೋರಿಸಬೇಕು. ಬುದ್ಧಿಗೂ ಕಾಲಿಗೂ ಸಮನಾಗಿ ಬೆಲೆಕಟ್ಟುವ ವಿದ್ಯಾವಂತರ ವೃತ್ತಿಗಳು ಲೋಕದಲ್ಲಿ ವಿರಳ.

ಆದರೆ ಅರಣ್ಯವೃತ್ತಿಯನ್ನು ಹೊಗಳುವ ಭರದಲ್ಲಿ ಅದರ ಅಪಾಯವನ್ನು ಮುಚ್ಚಿಡುವುದು ಗುರುಧರ್ಮವಲ್ಲ. ಮಲೆಮಹದೇಶ್ವರ ಬೆಟ್ಟದ ಸೀಮೆಯಲ್ಲಿ ಜನರ ವಿಶ್ವಾಸವನ್ನು ಗಳಿಸಿದ್ದ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರು 1991ರ ನವೆಂಬರ್ 10ರಂದು ವೀರಪ್ಪನ್‌ನಿಂದ ಹತರಾದರು. ಆನೆಗಳಿಗೆ ಅರಿವಳಿಕೆ ಚುಚ್ಚುಮದ್ದು ಹಾರಿಸುವುದರಲ್ಲಿ ನಿಪುಣರಾಗಿದ್ದ 'ಆನೆ ವೆಂಕಟೇಶ್' ಅವರು 2023ರ ಆಗಸ್ಟ್‌ನಲ್ಲಿ ಹಾಸನ ಜಿಲ್ಲೆಯ ಆಲೂರಿನ ಬಳಿ ಗಾಯಗೊಂಡ ಆನೆಯ ಚಿಕಿತ್ಸೆಗೆ ಹೋಗಿ ಪ್ರಾಣ ತೆತ್ತರು. ಅಷ್ಟು ದೂರವೇಕೆ, ಅದೇ ವರ್ಷದ ಏಪ್ರಿಲ್‌ನಲ್ಲಿ ಚನ್ನಗಿರಿ ತಾಲ್ಲೂಕಿನಲ್ಲಿ ಕಾಡಾನೆಗೆ ಹೆಣ್ಣುಮಗಳೊಬ್ಬಳು ಬಲಿಯಾದಳು. ಆನೆಯನ್ನು ಹಿಡಿಯುವ ಕಾರ್ಯದಲ್ಲಿ ಪಶುವೈದ್ಯರೊಬ್ಬರು ತೀವ್ರವಾಗಿ ಗಾಯಗೊಂಡರು. ಮಗಳನ್ನು ಕಳೆದುಕೊಂಡ ಊರಿನವರ ಕೋಪವನ್ನೂ, ದಾರಿತಪ್ಪಿದ ಆನೆಯ ದಿಗಿಲನ್ನೂ ಏಕಕಾಲಕ್ಕೆ ಎದುರಿಸಬೇಕಾದವನು ಅರಣ್ಯ ಸಿಬ್ಬಂದಿಯವನೇ. ಇದನ್ನು ಅರಿಯದೆ ಸೇರಿದವನು ಮೊದಲ ಮಳೆಗಾಲಕ್ಕೇ ವರ್ಗಾವಣೆಯ ಅರ್ಜಿ ಹಿಡಿದು ನಿಲ್ಲುವನು.

ಇಲ್ಲಿಯೇ ಹೆತ್ತವರಿಗೆ ಒಂದು ಮಾತನ್ನು ಹೇಳಬೇಕಾಗಿದೆ. ಮಕ್ಕಳನ್ನು ಇಲಾಖೆಗೆ ಕಳುಹಿಸಲು ಒಪ್ಪುವ ಅನೇಕರು ಕಾಡನ್ನು ನೋಡಿ ಒಪ್ಪುವುದಿಲ್ಲ. ಸರ್ಕಾರಿ ಸಂಬಳವನ್ನೂ ಭದ್ರತೆಯನ್ನೂ ನೋಡಿ ಒಪ್ಪುತ್ತಾರೆ. ಸಂಬಳ ಬೇಡವೆನ್ನುವುದು ಮೂರ್ಖತನ. ಆದರೆ ಸಂಬಳವೊಂದನ್ನೇ ನೋಡಿ ಬಂದವನಿಗೆ ಮರಗಳ್ಳನ ಆಮಿಷವೂ ಇನ್ನೊಂದು ಸಂಬಳವಾಗಿಯೇ ಕಂಡೀತು. ಶರಣರು ಕೊಟ್ಟ 'ಕಾಯಕ'ವೆಂಬ ಮಾತಿನ ತೂಕ ತಿಳಿಯುವುದು ಇಂತಹ ಎಡೆಯಲ್ಲಿ. ಯಾರೂ ನೋಡದ ಕಗ್ಗಾಡಿನ ಗಸ್ತುದಾರಿಯಲ್ಲಿ ನಡೆಯುವವನಿಗೆ ಅವನ ಆತ್ಮಸಾಕ್ಷಿಯೇ ಮೇಲಧಿಕಾರಿ.

ಈ ಕಾಯಕಕ್ಕೆ ದೊಡ್ಡ ಹುದ್ದೆಯೂ ಬೇಕಿಲ್ಲವೆಂಬುದಕ್ಕೆ ನಾಡಿನಲ್ಲಿಯೇ ನಿದರ್ಶನಗಳಿವೆ. ನಾಗರಹೊಳೆಯನ್ನು ದಶಕಗಳ ಕಾಲ ಕಾದು 2024ರಲ್ಲಿ ನಿಧನರಾದ ಕೆ. ಎಂ. ಚಿಣ್ಣಪ್ಪನವರು ಹೆಸರಾದುದು ವಲಯ ಅರಣ್ಯಾಧಿಕಾರಿಯಾಗಿ. ಇಲ್ಲಿನ ಹೊನ್ನಾಳಿಯ ಹೆಸರನ್ನೇ ಹೋಲುವ ಊರೊಂದು ಅಂಕೋಲಾ ತಾಲ್ಲೂಕಿನಲ್ಲಿದೆ, ಹೊನ್ನಳ್ಳಿ. ಅಲ್ಲಿನ ಹಾಲಕ್ಕಿ ಸಮುದಾಯದ ತುಳಸಿ ಗೌಡರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಇಲಾಖೆಯ ಸಸಿಮಡಿಗಳಲ್ಲಿ ದಿನಗೂಲಿಯವರಾಗಿ ದುಡಿದವರು. ಯಾವ ತಾಯಿಮರದಿಂದ ಯಾವ ಕಾಲದಲ್ಲಿ ಬೀಜವನ್ನು ಆರಿಸಬೇಕೆಂಬ ಅವರ ಅರಿವಿಗೆ ವಿದ್ಯಾವಂತ ಅಧಿಕಾರಿಗಳೂ ತಲೆಬಾಗಿದರು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. 2024ರ ಡಿಸೆಂಬರ್‌ನಲ್ಲಿ ಅವರು ಕಾಲವಶರಾದರು. ಕಾಡಿನ ವಿದ್ಯೆ ಕಾಲಿನಿಂದಲೂ ಕೈಯಿಂದಲೂ ಆರಂಭವಾಗುತ್ತದೆಂಬುದನ್ನು ಅವರ ಬದುಕು ತೋರಿಸಿಕೊಟ್ಟಿದೆ.

ಹುದ್ದೆಗಳು ಕೆಲವೇ, ಆಕಾಂಕ್ಷಿಗಳು ಸಾವಿರಾರು ಎಂಬ ಆಕ್ಷೇಪಣೆ ನಿಜ. ಆದರೆ ಈ ವಿದ್ಯೆ ಇಲಾಖೆಯ ಹೊಸಲಿನಲ್ಲಿಯೇ ನಿಲ್ಲುವಂತಹುದಲ್ಲ. ಸಸ್ಯಪಾಲನಾ ಕ್ಷೇತ್ರ, ಕೃಷಿ ಅರಣ್ಯ, ಸಂಶೋಧನೆ ಎಲ್ಲಕ್ಕೂ ಅದು ಬೇಕು. 2001ರ ಕಾನೂನು ತಿದ್ದುಪಡಿಯಿಂದ ರೈತನು ತನ್ನ ಭೂಮಿಯಲ್ಲಿ ಬೆಳೆದ ಶ್ರೀಗಂಧಕ್ಕೆ ತಾನೇ ಒಡೆಯನಾದ ಮೇಲಂತೂ, ಮರವನ್ನು ಬಲ್ಲವನಿಗೆ ಹಳ್ಳಿಯಲ್ಲಿಯೂ ಕೆಲಸವುಂಟು.

ಆಗಬೇಕಾದುದು ಶಾಲೆಯಿಂದಲೇ ಆಗಬೇಕು. ಹತ್ತನೆಯ ತರಗತಿಯನ್ನು ದಾಟುವ ಪ್ರತಿ ವಿದ್ಯಾರ್ಥಿಯೂ ಮತ್ತಿ, ಹೊನ್ನೆ, ಬೀಟೆ, ದಿಂಡಿಗ, ತಾರೆ, ಕಮರ ಮೊದಲಾದ ಇಪ್ಪತ್ತು ಮರಗಳನ್ನಾದರೂ ಎಲೆ ತೊಗಟೆಗಳಿಂದ ಗುರುತಿಸಿ, ಕನ್ನಡದ ಹೆಸರು ಹಿಡಿದು ಕರೆಯಬಲ್ಲವನಾಗಲಿ. ಹೆಸರನ್ನರಿಯದ ವಸ್ತುವಿನ ಮೇಲೆ ಪ್ರೀತಿ ಹುಟ್ಟದು. ಅಧ್ಯಾಪಕರು ವರ್ಷಕ್ಕೊಮ್ಮೆ ಮಕ್ಕಳನ್ನು ರಂಗಯ್ಯನದುರ್ಗಕ್ಕೆ ಕರೆದೊಯ್ಯಲಿ. ಅರಣ್ಯಸೇವೆಯಲ್ಲಿರುವ ಹಿರಿಯ ವಿದ್ಯಾರ್ಥಿಗಳು ಬಂದು ಸುಖವನ್ನೂ ದುಃಖವನ್ನೂ ಮರೆಮಾಚದೆ ಹೇಳಲಿ. ಕಟ್ಟಡಗಳಿಗೆ ಉದಾರವಾಗಿ ನೀಡಿದ ದಾನಿಗಳು ಅರಣ್ಯಶಾಸ್ತ್ರವನ್ನು ಓದಹೊರಟ ಬಡ ವಿದ್ಯಾರ್ಥಿಗಳಿಗೂ ವಿದ್ಯಾರ್ಥಿನಿಯರಿಗೂ ವೇತನವೊಂದನ್ನು ಏರ್ಪಡಿಸಿದರೆ, ಆ ದಾನ ಕಲ್ಲಿನಲ್ಲಿ ಕೆತ್ತಿದ ಹೆಸರಿಗಿಂತ ಹೆಚ್ಚು ಕಾಲ ನೆರಳು ನೀಡೀತು.

ಮುಂದೆ ಈ ಶಾಲೆಯ ಮಗುವೊಂದು ಕಾಡಿಗೆ ಹೊರಟೆನೆಂದಾಗ, ತಾಯಿತಂದೆಗಳು ಕಣ್ಣೀರು ತುಂಬಿಕೊಳ್ಳದೆ, 'ಹೋಗಿ ಬಾ, ಚೆನ್ನಾಗಿ ಕಾದುಕೋ' ಎಂದು ಹರಸುವ ದಿನ ಬರಲಿ.