ಕಣ್ಣೂ ಕಾಳಗವೂ

ಅರಸನಿಗೆ ಗೂಢಚಾರರೇ ಕಣ್ಣುಗಳೆಂದು ಭಾವಿಸಿ ನಮ್ಮ ನೀತಿಶಾಸ್ತ್ರಕಾರರು ಅವನನ್ನು 'ಚಾರಚಕ್ಷು' ಎಂದು ಕರೆದಿರುವರು. ಮುಖದಲ್ಲಿರುವ ಎರಡು ಕಣ್ಣುಗಳು ರಾಜಕಾರ್ಯಕ್ಕೆ ಸಾಲವೆಂಬುದು ಇದರ ತಾತ್ಪರ್ಯ. ಈ ಮಾತಿಗೆ ಪ್ರಾಚೀನ ರೋಮನರ ಚರಿತ್ರೆಯಲ್ಲಿ ತಕ್ಕ ನಿದರ್ಶನವು ದೊರೆಯುವುದರಿಂದ ಅದನ್ನು ಈ ತಿಂಗಳು ವಾಚಕರ ಮುಂದಿಡುವೆವು.

ದುರ್ಬೀನಾಗಲಿ ತಂತಿಯ ವರ್ತಮಾನವಾಗಲಿ ಇಲ್ಲದ ಆ ಕಾಲದಲ್ಲಿ ಸೈನ್ಯವು ನಡೆಯುತ್ತಿದ್ದುದು ಕಣ್ಣು ಕಿವಿಗಳ ಬಲದಿಂದಲೇ. ರೋಮನರ ದಳಗಳ ಮುಂದೆ ಎತ್ತರವಾದ ಕೋಲಿನ ಮೇಲೆ ಲಾಂಛನವನ್ನು ಹಿಡಿದು ನಡೆಯುತ್ತಿದ್ದರು. ಗದ್ದಲದಲ್ಲಿ ಅಪ್ಪಣೆಯು ಕೇಳಿಸದಿದ್ದರೂ ಲಾಂಛನವು ಮುಂದುವರಿದರೆ ಭಟನೂ ಮುಂದುವರಿಯುವನು. ಅದು ನಿಂತರೆ ತಾನೂ ನಿಲ್ಲುವನು. ಹಗುರವಾದ ಆಯುಧಗಳನ್ನು ಹಿಡಿದ ತರುಣರು ಒಮ್ಮೊಮ್ಮೆ ತಲೆಯ ಮೇಲೆ ತೋಳನ ಚರ್ಮವನ್ನು ಹೊದೆಯುತ್ತಿದ್ದರೆಂದು ಗ್ರೀಕ್ ಇತಿಹಾಸಕಾರನಾದ ಪಾಲಿಬಿಯಸನು ಬರೆದಿರುವನು. ಅದರಿಂದ ತಲೆಗೆ ರಕ್ಷಣೆಯಾಗುವುದಲ್ಲದೆ, ಯಾರು ಧೈರ್ಯದಿಂದ ಕಾದಿದರು, ಯಾರು ಹಿಂಜರಿದರು ಎಂಬುದು ನಾಯಕರಿಗೆ ದೂರದಿಂದಲೇ ತಿಳಿಯುತ್ತಿದ್ದಿತು. ಭಾರವಾದ ಆಯುಧಗಳ ಭಟರು ಸುಮಾರು ಒಂದು ಮೊಳದ ಮೂರು ಗರಿಗಳನ್ನು ಧರಿಸಿ, ಶತ್ರುವಿನ ಕಣ್ಣಿಗೆ ಇಮ್ಮಡಿ ಎತ್ತರವಾಗಿ ತೋರುತ್ತಿದ್ದರು.

ಹೀಗೆ ಕಣ್ಣನ್ನೇ ನೆಚ್ಚಿದ ಸೈನ್ಯಕ್ಕೆ ಕಣ್ಣು ಕಟ್ಟಿದರೆ ಏನಾದೀತು? ಇಟಲಿಯ ಮೇಲೆ ದಂಡೆತ್ತಿ ಬಂದಿದ್ದ ಕಾರ್ಥೇಜಿನ ಸೇನಾನಿ ಹ್ಯಾನಿಬಾಲನು ಕ್ರಿ. ಪೂ. 217ರಲ್ಲಿ ಆರ್ನೋ ನದಿಯ ಜೌಗುನೆಲವನ್ನು ದಾಟುವಾಗ, ಕಣ್ಣುಬೇನೆ ಹತ್ತಿ, ಚಿಕಿತ್ಸೆಗೆ ಸಮಯವಿಲ್ಲದೆ, ಒಂದು ಕಣ್ಣಿನ ದೃಷ್ಟಿಯನ್ನು ಕಳೆದುಕೊಂಡನು. ಅವನನ್ನು ಬೆನ್ನಟ್ಟಿ ಬಂದ ರೋಮಿನ ಕಾನ್ಸಲನಾದ ಫ್ಲಾಮಿನಿಯಸನಿಗೆ ಕಣ್ಣುಗಳೆರಡೂ ಇದ್ದುವು. ಟ್ರಾಸಿಮೀನ್ ಎಂಬ ಸರೋವರದ ಬಳಿ, ಒಂದು ಕಡೆ ನೀರು, ಮತ್ತೊಂದು ಕಡೆ ಬೆಟ್ಟಗಳ ಸಾಲು; ನಡುವೆ ಇಕ್ಕಟ್ಟಾದ ದಾರಿ. ಹ್ಯಾನಿಬಾಲನು ದಾರಿಯ ಆಚೆಯ ತುದಿಯಲ್ಲಿ ತನ್ನ ಪಾಳೆಯವು ಕಾಣುವಂತೆ ಇಳಿದು, ಉಳಿದ ದಂಡನ್ನು ಬೆಟ್ಟಗಳ ಮರೆಯಲ್ಲಿ ಅಡಗಿಸಿದನು. ಫ್ಲಾಮಿನಿಯಸನು ಸೂರ್ಯಾಸ್ತದ ಹೊತ್ತಿಗೆ ಅಲ್ಲಿಗೆ ಬಂದು, ಬೆಟ್ಟಗಳ ಮೇಲೆ ಯಾರನ್ನೂ ಕಳುಹಿಸಿ ನೋಡಿಸದೆ, ಮರುದಿನ ನಸುಕಿನಲ್ಲಿಯೇ ಕಣಿವೆಯನ್ನು ಹೊಕ್ಕನು.

ಆ ಬೆಳಗ್ಗೆ ಸರೋವರದಿಂದೆದ್ದ ಮಂಜು ತಗ್ಗಿನಲ್ಲಿ ದಟ್ಟವಾಗಿಯೂ ಬೆಟ್ಟದ ಮೇಲೆ ವಿರಳವಾಗಿಯೂ ಇದ್ದಿತು. ಮೇಲಿದ್ದವರು ಒಬ್ಬರನ್ನೊಬ್ಬರು ಕಂಡು ಏಕಕಾಲದಲ್ಲಿ ಇಳಿದರು. ಕೆಳಗಿದ್ದವರಿಗೆ ಲಾಂಛನವೂ ಕಾಣದು, ನಾಯಕನೂ ಕಾಣನು. ಕೂಗು ಬಂದ ಕಡೆಗೆ ಮುಖ ತಿರುಗಿಸಿ ಕಾದಬೇಕಾಯಿತು. ಸುಮಾರು ಮೂರು ಗಂಟೆಗಳಲ್ಲಿ ಕಾನ್ಸಲನೂ ಅವನೊಡನೆ 15,000 ಮಂದಿ ರೋಮನರೂ ಮಡಿದರು. ಮುಂಚೂಣಿಯ 6,000 ಜನರು ಮಾತ್ರ ಶತ್ರುಗಳನ್ನು ಭೇದಿಸಿಕೊಂಡು ದಿಬ್ಬವೊಂದನ್ನೇರಿ ನಿಂತರು. ಕತ್ತಿಗಳ ಸದ್ದು ಕೇಳುತ್ತಿದ್ದಿತು. ಗೆದ್ದವರಾರು, ಸೋತವರಾರು ತಿಳಿಯದು. ಬಿಸಿಲೇರಿ ಮಂಜು ಹರಿದ ಮೇಲೆ ಎಲ್ಲವೂ ಸ್ಪಷ್ಟವಾಗಿ ಕಂಡಿತು. ಆದರೆ ಆಗ ಕಂಡು ಪ್ರಯೋಜನವೇನು? ಓಡಿಹೋದ ಅವರು ಮರುದಿನ ಸೆರೆಸಿಕ್ಕಿದರು.

ಮಂಜಿಲ್ಲದಿದ್ದರೆ ಕಣ್ಣನ್ನು ನಂಬಬಹುದೋ ಎಂದರೆ, ಬೆಳಕೂ ವಂಚಿಸುವುದುಂಟು. ಕ್ರಿ. ಶ. 69ರಲ್ಲಿ ವಿಟೆಲಿಯಸನ ಪಕ್ಷದವರಿಗೂ ವೆಸ್ಪಾಸಿಯನನ ಪಕ್ಷದವರಿಗೂ ಕ್ರಿಮೋನಾ ಪಟ್ಟಣದ ಬಳಿ ರಾತ್ರಿಯೆಲ್ಲ ಯುದ್ಧವಾಯಿತು. ಎರಡು ಕಡೆಯೂ ರೋಮನರೇ. ಆಯುಧವೂ ಭಾಷೆಯೂ ಒಂದೇ. ವೆಸ್ಪಾಸಿಯನನ ಭಟರಿಬ್ಬರು ಸತ್ತ ಶತ್ರುಗಳ ಗುರಾಣಿಗಳನ್ನು ಹಿಡಿದು ಗುರುತು ಸಿಕ್ಕದಂತೆ ಒಳನುಗ್ಗಿ, ದೊಡ್ಡ ಕಲ್ಲೆಸೆಯುವ ಯಂತ್ರದ ಹಗ್ಗಗಳನ್ನು ಕತ್ತರಿಸಿ, ಅಲ್ಲಿಯೇ ಪ್ರಾಣಬಿಟ್ಟರು. ಚಂದ್ರನು ವೆಸ್ಪಾಸಿಯನನ ಪಕ್ಷದವರ ಬೆನ್ನ ಹಿಂದೆ ಮೂಡಿದನು. ಅವರ ನೆರಳುಗಳು ಉದ್ದವಾಗಿ ಮುಂದಕ್ಕೆ ಬೀಳಲು, ಎದುರಾಳಿಗಳು ನೆರಳನ್ನೇ ದೇಹವೆಂದು ಬಗೆದು ಎಸೆದ ಆಯುಧಗಳು ಗುರಿಮುಟ್ಟದೆ ಬಿದ್ದುವು. ಬೆಳಗಾದಾಗ ಮೂರನೆಯ ಲೀಜನ್ನಿನವರು ಸಿರಿಯಾ ದೇಶದ ರೂಢಿಯಂತೆ ಉದಯಸೂರ್ಯನಿಗೆ ವಂದಿಸಿದರು. ಹೊಸ ಸೈನ್ಯವು ಬಂದು, ಅದನ್ನೇ ಇವರು ಸ್ವಾಗತಿಸುತ್ತಿರುವರೆಂಬ ವದಂತಿ ಹಬ್ಬಿತು. ವೆಸ್ಪಾಸಿಯನನ ಪಕ್ಷವು ಗೆದ್ದಿತು. ಹಗ್ಗವನ್ನು ಹಾವೆಂದು ಭ್ರಮಿಸುವ ದೃಷ್ಟಾಂತವನ್ನು ವೇದಾಂತದಲ್ಲಿ ಓದಿದವರಿಗೆ ಇದು ಸೋಜಿಗವೆನಿಸದು.

ಟ್ರಾಸಿಮೀನಿನ ಸುದ್ದಿ ರೋಮನ್ನು ಮುಟ್ಟಿದ ಬಗೆಯನ್ನು ಲಿವಿಯೆಂಬ ಇತಿಹಾಸಕಾರನು ವರ್ಣಿಸಿರುವನು. ಮಾರ್ಕಸ್ ಪೊಂಪೋನಿಯಸನೆಂಬ ಅಧಿಕಾರಿಯು ಜನರ ಮುಂದೆ ನಿಂತು, ದೊಡ್ಡದೊಂದು ಯುದ್ಧದಲ್ಲಿ ಸೋತೆವೆಂದಷ್ಟೇ ಹೇಳಿದನು. ಮುಂದಿನ ದಿನಗಳಲ್ಲಿ ಊರ ಬಾಗಿಲುಗಳ ಬಳಿ ಗಂಡಸರಿಗಿಂತ ಹೆಂಗಸರೇ ಹೆಚ್ಚಾಗಿ ನೆರೆದು, ಬರುವವರ ಮುಖಗಳನ್ನು ನೋಡುತ್ತ ನಿಂತರು. ಒಬ್ಬ ತಾಯಿಯು ಬದುಕಿ ಬಂದ ಮಗನನ್ನು ಬಾಗಿಲಲ್ಲಿಯೇ ಕಂಡು ಅವನ ತೋಳುಗಳಲ್ಲಿ ಪ್ರಾಣಬಿಟ್ಟಳಂತೆ. ಮಗನು ಸತ್ತನೆಂಬ ಸುಳ್ಳುಸುದ್ದಿಯನ್ನು ಕೇಳಿ ಮನೆಯಲ್ಲಿ ಅಳುತ್ತ ಕುಳಿತಿದ್ದ ಮತ್ತೊಬ್ಬಳು, ಅವನು ಒಳಗೆ ಬಂದುದನ್ನು ಕಂಡೊಡನೆಯೇ ಸಂತೋಷಾತಿಶಯದಿಂದ ಸತ್ತಳಂತೆ.

ಫ್ಲಾಮಿನಿಯಸನು ಹೇಡಿಯಲ್ಲ, ಕಾದುತ್ತಲೇ ಸತ್ತನು. ಆದರೆ ಹಿಂದಿನ ಸಂಜೆ ನಾಲ್ಕು ಜನರನ್ನು ಬೆಟ್ಟಕ್ಕೆ ಹತ್ತಿಸಿದ್ದರೆ ಅಷ್ಟು ಮಂದಿ ತಾಯಂದಿರು ಊರ ಬಾಗಿಲಲ್ಲಿ ಕಾಯಬೇಕಾಗಿರಲಿಲ್ಲವೇನೋ. ಶತ್ರುವು ತೋರಿಸಿದ ಪಾಳೆಯವನ್ನು ನೋಡಿ ಅವನು ತೃಪ್ತನಾದನು. ಹತ್ತು ಜನರ ಭಾರವನ್ನು ಹೊತ್ತು ನಡೆಯುವವರು, ಅದು ದಂಡಾಗಲಿ ಸಂಸಾರವಾಗಲಿ, ತಮಗೆ ತೋರಿಸದೆ ಬಿಟ್ಟುದು ಏನೆಂದು ಒಮ್ಮೆ ವಿಚಾರಿಸಿ ಹೆಜ್ಜೆಯಿಡುವುದು ಒಳ್ಳೆಯದು.