ಮಯೂರನಿಗೆ ರಾಜರಕ್ತ ಏಕೆ ಬೇಕಾಯಿತು?

ಐತಿಹಾಸಿಕ ಚಿತ್ರಗಳನ್ನು ನೋಡಿದವರಲ್ಲಿ ಕೆಲವರು ಕಿರೀಟ, ಕಂಬ, ಉಡುಗೆಗಳಲ್ಲಿ ತಪ್ಪು ಹುಡುಕುತ್ತಾರೆ. ಹಲವರು ನಾಯಕನ ಮಾತಿನ ಓಘಕ್ಕೆ ಮಾರುಹೋಗುತ್ತಾರೆ. 1975ರಲ್ಲಿ ತೆರೆಕಂಡ ‘ಮಯೂರ’ದ ವಿಷಯದಲ್ಲಂತೂ ಎರಡನೆಯವರದೇ ಮೇಲುಗೈ. ಅದು ಸಹಜವೂ ಹೌದು. ದೇವುಡು ಅವರ ಕಾದಂಬರಿಯನ್ನು ಆಧರಿಸಿ ವಿಜಯ್ ನಿರ್ದೇಶಿಸಿದ ಆ ಚಿತ್ರದಲ್ಲಿ ರಾಜ್‌ಕುಮಾರ್ ಅವರ ನಿಲುವು, ನುಡಿ ಎರಡೂ ಇಂದಿಗೂ ಮಾಸಿಲ್ಲ. ನನ್ನ ತಕರಾರು ಇರುವುದು ಪ್ರೇಕ್ಷಕರಾದ ನಾವು ಎಲ್ಲಿ ಚಪ್ಪಾಳೆ ತಟ್ಟುತ್ತೇವೆ ಎಂಬುದರ ಬಗ್ಗೆ.

ಬ್ರಾಹ್ಮಣರ ಮನೆಯಲ್ಲಿ ಬೆಳೆದ ಮಯೂರಶರ್ಮನಿಗೆ ತಾನು ಪಲ್ಲವರಿಂದ ಹತನಾದ ಕದಂಬ ದೊರೆಯ ಮಗನೆಂಬುದು ಚಿತ್ರದಲ್ಲಿ ತಿಳಿಯುತ್ತದೆ. ಅಲ್ಲಿಂದ ಮುಂದೆ ಅವನು ಮಯೂರವರ್ಮ. ಅವನ ಶೌರ್ಯಕ್ಕೂ ಸಿಟ್ಟಿಗೂ ಕಾರಣ ದೊರೆತಂತಾಗಿ ನಮಗೆ ಸಮಾಧಾನವಾಗುತ್ತದೆ. ‘ಅದಕ್ಕೇ ಅವನು ಹಾಗಿದ್ದ’ ಎಂದು ಮನಸ್ಸು ಒಪ್ಪಿಕೊಳ್ಳುತ್ತದೆ.

ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ, ಪ್ರಣವೇಶ್ವರ ದೇವಾಲಯದ ಎದುರಿನ ಕಂಬದ ಶಾಸನ ಹೇಳುವ ಕಥೆ ಬೇರೆ. ಐದನೆಯ ಶತಮಾನದಲ್ಲಿ, ಕದಂಬ ಶಾಂತಿವರ್ಮನ ಕಾಲದಲ್ಲಿ ಕುಬ್ಜನೆಂಬ ಕವಿ ಸಂಸ್ಕೃತದಲ್ಲಿ ರಚಿಸಿದ್ದು ಅದು. ಓದಲೆಂದು ವೀರಶರ್ಮನೊಂದಿಗೆ ಕಂಚಿಯ ಘಟಿಕೆಗೆ ಹೋದ ತರುಣನಿಗೆ ಪಲ್ಲವರ ಕುದುರೆ ಸವಾರನೊಡನೆ ಜಗಳವಾಗುತ್ತದೆ. ಅವಮಾನಗೊಂಡವನು ದರ್ಭೆ ಹಿಡಿದಿದ್ದ ಕೈಯಲ್ಲಿ ಖಡ್ಗ ಹಿಡಿಯುತ್ತಾನೆ. ಶ್ರೀಪರ್ವತದವರೆಗಿನ ಕಾಡುಗಳಲ್ಲಿ ನೆಲೆನಿಂತು ಬೃಹದ್ಬಾಣರಿಂದ ಕಪ್ಪ ವಸೂಲು ಮಾಡುತ್ತಾನೆ. ಕೊನೆಗೆ ಪಲ್ಲವರಿಂದಲೇ ಪಟ್ಟಬಂಧ ಪಡೆಯುತ್ತಾನೆ. ಶಾಸನವೇನೂ ಕುಲದ ಹೊಗಳಿಕೆಯಿಂದ ಮುಕ್ತವಲ್ಲ, ಮಾನವ್ಯ ಗೋತ್ರವನ್ನು ಹೆಮ್ಮೆಯಿಂದಲೇ ಸಾರುತ್ತದೆ. ಆದರೆ ರಾಜ್ಯ ಮಾತ್ರ ಅಪ್ಪನಿಂದ ಬಂದದ್ದಲ್ಲ. ಸಾವಿರದ ಐನೂರು ವರ್ಷಗಳ ಹಿಂದಿನ ಆಸ್ಥಾನ ಕವಿ ನಿಸ್ಸಂಕೋಚವಾಗಿ ಹೇಳಿದ್ದನ್ನು, ಪ್ರಜಾಪ್ರಭುತ್ವದಲ್ಲಿ ಬಾಳುವ ನಾವು ರಾಜರಕ್ತದ ಲೇಪವಿಲ್ಲದೆ ನುಂಗಲಾರೆವು.

ನಾನಿರುವ ಬೆನ್ಸನ್ ಟೌನ್‌ನಲ್ಲಿ ಇದು ಬರಿಯ ಪಾಂಡಿತ್ಯದ ಮಾತಾಗಿ ಉಳಿಯುವುದಿಲ್ಲ. 1809ರಲ್ಲಿ ಬ್ರಿಟಿಷ್ ಪಡೆ ಶ್ರೀರಂಗಪಟ್ಟಣದಿಂದ ಬೆಂಗಳೂರಿಗೆ ಬಂದ ಮೇಲೆ ಅದರ ಬೆನ್ನಿಗೆ ತಮಿಳು ಸೀಮೆಯ ಸಿಪಾಯಿಗಳು, ವರ್ತಕರು, ಕೆಲಸಗಾರರು ದಂಡು ಪ್ರದೇಶಕ್ಕೆ ಬಂದರು. ದಂಡು, ಪೇಟೆಗಳ ಆಡಳಿತ ಒಂದಾದದ್ದು 1949ರಲ್ಲಿ. ತಲೆಮಾರುಗಳಿಂದ ಇಲ್ಲೇ ಇರುವವರನ್ನೂ ‘ನಿಮ್ಮ ಮೂಲ ಯಾವುದು?’ ಎಂದು ಕೇಳುವುದು ನಮಗೆ ಅಭ್ಯಾಸವಾಗಿದೆ. ‘ಮಯೂರ’ವನ್ನು ಮೆಚ್ಚಿ ನೋಡುವ ನೆರೆಮನೆಯ ತಮಿಳು ಹಿರಿಯರೊಬ್ಬರು ಕಂಚಿಯ ದೃಶ್ಯಗಳು ಬಂದಾಗ ಮಾತ್ರ ಮೌನವಾಗುತ್ತಾರೆ. ಪಲ್ಲವನೆಂದರೆ ಇವರ ಕಡೆಯವನು ಎಂದು ಜೊತೆಗೆ ಕುಳಿತವರ ಕಣ್ಣು ಹೇಳುತ್ತಿರುತ್ತದೆ. 1991ರ ಡಿಸೆಂಬರ್‌ನ ಕಾವೇರಿ ಗಲಭೆಯನ್ನು ಕಂಡವರಿಗೆ ಆ ನೋಟವನ್ನು ಬಿಡಿಸಿ ಹೇಳಬೇಕಿಲ್ಲ.

ಚಿತ್ರರಂಗದ ಹಿರಿಯರು ಇಂಥ ಗಡಿ ಹಾಕಿಕೊಂಡಿರಲಿಲ್ಲ. 1959ರಲ್ಲಿ ತಮಿಳಿನ ‘ವೀರಪಾಂಡಿಯ ಕಟ್ಟಬೊಮ್ಮನ್’ ನಿರ್ದೇಶಿಸಿದ ಬಿ.ಆರ್. ಪಂತುಲು ಅವರೇ 1961ರಲ್ಲಿ ‘ಕಿತ್ತೂರು ಚೆನ್ನಮ್ಮ’ನನ್ನೂ 1970ರಲ್ಲಿ ‘ಶ್ರೀಕೃಷ್ಣದೇವರಾಯ’ನನ್ನೂ ಕನ್ನಡಿಗರಿಗೆ ಕೊಟ್ಟರು.

ಕದಂಬರ ಕುರಿತು ಯಾರಾದರೂ ಮತ್ತೊಂದು ಚಿತ್ರ ತೆಗೆಯುವುದಾದರೆ, ಪಲ್ಲವರೇ ಮಯೂರನಿಗೆ ಪಟ್ಟ ಕಟ್ಟುವ ಪ್ರಸಂಗವನ್ನು ದಯವಿಟ್ಟು ಕೈಬಿಡಬಾರದು. ಆ ದೃಶ್ಯ ನೋಡಿ ನೆರೆಮನೆಯ ಹಿರಿಯರು ಏನೆನ್ನುತ್ತಾರೋ ಕೇಳುವ ಕುತೂಹಲ ನನಗಿದೆ.